ಕಸದ ಪಾಠವೂ ಬಚ್ಚಲಿನ ಒಲೆಯೂ

ಈ ವರ್ಷವೂ ಸುತ್ತೋಲೆ ಬಂತು. ತ್ಯಾಜ್ಯ ವಿಂಗಡಣೆಯ ಬಗ್ಗೆ ಪೋಸ್ಟರ್ ರಚನೆ, ಘೋಷಣೆ ಬರೆಯುವ ಸ್ಪರ್ಧೆ, ರ್ಯಾಲಿ, ಪ್ರತಿಜ್ಞೆ. ಕಾರ್ಯಕ್ರಮದ ನಾಲ್ಕು ಫೋಟೋ ತೆಗೆದು ಸಂಜೆಯೊಳಗೆ ಕಳುಹಿಸಬೇಕು. ನಾವು ಕಳುಹಿಸಿದೆವು. ಫೋಟೋದಲ್ಲಿ ಮಕ್ಕಳು ಚಂದ ಕಾಣುತ್ತಿದ್ದರು. ರ್ಯಾಲಿ ಮುಗಿದ ಮೇಲೆ ಅವರಿಗೆ ಹಂಚಿದ ಮಿಠಾಯಿಯ ಹೊದಿಕೆಗಳು ಶಾಲೆಯ ಗೇಟಿನಿಂದ ಬಸ್ಸು ನಿಲ್ಲುವ ಜಾಗದವರೆಗೆ ಬಿದ್ದಿದ್ದವು. ಅದರ ಫೋಟೋ ಯಾರೂ ಕೇಳಲಿಲ್ಲ, ನಾವೂ ತೆಗೆಯಲಿಲ್ಲ.

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಪಾಠ ಮಾಡುವ ನಾವು ಒಂದು ಮಾತು ಒಪ್ಪಿಕೊಳ್ಳಬೇಕಾಗಿದೆ. ಮನೆಯ ಕಸ ಬೇರ್ಪಡಿಸುವುದನ್ನು ನಾವು ಕಲಿಸುತ್ತಿಲ್ಲ, ಕಲಿಸಿದ ಹಾಗೆ ಮಾಡುತ್ತಿದ್ದೇವೆ. ಸರಕಾರ ನಮಗೆ ಅರ್ಥವಾಗದ ಭಾಷೆಯಲ್ಲಿ, ನಮ್ಮ ಮನೆಗೆ ಹೊಂದದ ಪಾಠ ಕಳುಹಿಸುತ್ತದೆ. ಅದನ್ನು ನಮ್ಮ ಅಡುಗೆಮನೆಗೆ, ನಮ್ಮ ಬಚ್ಚಲಿಗೆ ಹೊಂದಿಸಬೇಕಾದವರು ನಾವು. ಆ ಕೆಲಸ ಬಿಟ್ಟು ಡ್ರಾಯಿಂಗ್ ಶೀಟ್ ಹಂಚುತ್ತಾ ಕೂತಿದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲೇ ನಡೆದದ್ದು ಹೇಳುತ್ತೇವೆ. ಮನೆಯಿಂದ ಅತಿ ಹೆಚ್ಚು ಪ್ಲಾಸ್ಟಿಕ್ ಸಂಗ್ರಹಿಸಿ ತಂದ ವಿದ್ಯಾರ್ಥಿಗೆ ಬಹುಮಾನ ಎಂದು ಸಾರಿದೆವು. ಅಂಗಡಿ ಇರುವ ಮನೆಯ ಹುಡುಗ ಎರಡು ಗೋಣಿ ತಂದ. ಕಾಲನಿಯಿಂದ ಬರುವ ಒಬ್ಬಳು ಹುಡುಗಿ ತಂದದ್ದು ಏಳು ತೊಟ್ಟೆ. ಏಳನ್ನೂ ತೊಳೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿ ಕಾಗದದಲ್ಲಿ ಸುತ್ತಿ ತಂದಿದ್ದಳು. ಬಹುಮಾನ ಹುಡುಗನಿಗೆ ಹೋಯಿತು. ಬಹುಮಾನವೂ ಪ್ಲಾಸ್ಟಿಕ್ಕಿನ ಟಿಫಿನ್ ಡಬ್ಬಿ, ಮೇಲೆ ಹೊಳೆಯುವ ಜರಿ ಕಾಗದ! ಅತ್ಯಂತ ಕಡಿಮೆ ಕಸ ಮಾಡುವ ಮನೆಯ ಮಗು, ಕಲಿಸದೆಯೇ ಎಲ್ಲವನ್ನೂ ಸರಿಯಾಗಿ ಮಾಡಿದ ಮಗು, ಖಾಲಿ ಕೈಯಲ್ಲಿ ಹೋಯಿತು. ಚಪ್ಪಾಳೆ ತಟ್ಟಿದವರಲ್ಲಿ ನಾವೂ ಇದ್ದೆವು.

ಆಮೇಲೆ ನಾವು ಸ್ಪರ್ಧೆ ಬಿಟ್ಟು ಲೆಕ್ಕ ಬರೆಸಲು ಶುರು ಮಾಡಿದೆವು. ಏಳನೆಯ ತರಗತಿಯ ಮಕ್ಕಳು ತಮ್ಮ ತಮ್ಮ ಮನೆಯಲ್ಲಿ ಒಂದು ವಾರ ಏನೇನು ಎಸೆಯುತ್ತಾರೆ, ಎಲ್ಲಿಗೆ ಎಸೆಯುತ್ತಾರೆ ಎಂದು ನೋಟ್ ಪುಸ್ತಕದಲ್ಲಿ ಬರೆಯಬೇಕು. ಎರಡೇ ಕಾಲಮ್ಮು: ವಸ್ತು, ಹೋದ ಜಾಗ. ಉಪದೇಶ ಇಲ್ಲ, ಅಂಕ ಇಲ್ಲ. ಸುಳ್ಳು ಬರೆಯಬೇಡಿ, ಯಾರಿಗೂ ಬಯ್ಯುವುದಿಲ್ಲ ಎಂದಷ್ಟೇ ಹೇಳಿದೆವು.

ಪುಸ್ತಕ ತಿರುವಿದಾಗ ನಮಗೆ ಮೊದಲು ಕಂಡದ್ದು, ಸುತ್ತೋಲೆ ಯಾವುದನ್ನು ದೊಡ್ಡ ಸಮಸ್ಯೆ ಎನ್ನುತ್ತದೋ ಅದು ನಮ್ಮ ಹಳ್ಳಿಮನೆಗಳಲ್ಲಿ ಸಮಸ್ಯೆಯೇ ಅಲ್ಲ ಎಂಬುದು. ತರಕಾರಿ ಸಿಪ್ಪೆ ದನಕ್ಕೆ. ಅಕ್ಕಿ ತೊಳೆದ ನೀರು, ಉಳಿದ ಗಂಜಿ ಅಕ್ಕಚ್ಚಿಗೆ. ಮೀನಿನ ಮುಳ್ಳು ಬೆಕ್ಕಿಗೆ, ಉಳಿದದ್ದು ತೆಂಗಿನ ಬುಡಕ್ಕೆ. ಚಹಾದ ಚರಟ ಗುಲಾಬಿ ಗಿಡಕ್ಕೆ. ಬಾಳೆಲೆ ಗೊಬ್ಬರದ ಗುಂಡಿಗೆ. ಹಟ್ಟಿ ಇಲ್ಲದ ಮನೆಯಲ್ಲೂ ನಾಲ್ಕು ಬಾಳೆ, ಎರಡು ತೆಂಗು ಇವೆ. ಇಂಥ ಮನೆಗಳಿಗೆ ಪಂಚಾಯತಿನಿಂದ ಪೈಪ್ ಕಂಪೋಸ್ಟ್ ಎಂದು ಎರಡೆರಡು ಪಿವಿಸಿ ಪೈಪು ಕೊಟ್ಟಿದ್ದರು. ಫ್ಲ್ಯಾಟಿನ ಬಾಲ್ಕನಿಗೆ ಅದು ಒಳ್ಳೆಯದೇ ಇರಬಹುದು. ನಮ್ಮ ಮಕ್ಕಳ ಮನೆಯಲ್ಲಿ ಒಂದರ ಮೇಲೆ ಮಲ್ಲಿಗೆ ಬಳ್ಳಿ ಹಬ್ಬಿದೆ.

ಎರಡನೆಯ ಸಂಗತಿ ನೋಡಿ ನಾವು ಸುಮ್ಮನಾದೆವು. ಹಾಲಿನ ತೊಟ್ಟೆ, ಎಣ್ಣೆಯ ತೊಟ್ಟೆ, ಬಿಸ್ಕತ್ತಿನ ಹೊದಿಕೆ, ಚಿಪ್ಸಿನ ಪ್ಯಾಕೆಟು, ಶಾಂಪೂ ಸ್ಯಾಶೆ, ಹರಿದ ಚಪ್ಪಲಿ. ಇವೆಲ್ಲದರ ಎದುರಿಗೆ 'ಹೋದ ಜಾಗ' ಎಂಬಲ್ಲಿ ಒಂದೇ ಉತ್ತರ. ಒಂದಿಬ್ಬರನ್ನು ಬಿಟ್ಟರೆ ಎಲ್ಲರೂ ಬರೆದದ್ದು: ಬಚ್ಚಲಿನ ಒಲೆ.

"ಎಲ್ಲವೂ ಒಲೆಗೆಯಾ?" ಎಂದು ಕೇಳಿದರೆ ಒಬ್ಬ ಹುಡುಗ, "ಹೌದು ಟೀಚರ್, ತೊಟ್ಟೆ ಇಟ್ಟರೆ ಬೆಂಕಿ ಬೇಗ ಹಿಡೀತದೆ. ಅಜ್ಜಿ ಅದಕ್ಕೇಂತ ಜೋಪಾನ ಮಾಡಿ ಇಡ್ತಾರೆ" ಎಂದ.

ನಮ್ಮ ಕಡೆಯ ಮನೆ ನೋಡಿದವರಿಗೆ ಇದು ಗೊತ್ತು. ಹಂಡೆಯ ಅಡಿಯಲ್ಲಿ ಬೆಂಕಿ, ಬೆಳಗ್ಗೆ ಸಂಜೆ ಬಿಸಿನೀರು. ಒಲೆಯ ಬೂದಿ ಹರಿವೆ, ಬಸಳೆಯ ಬುಡಕ್ಕೆ. ಅಂಗಳದ ಕೊನೆಯಲ್ಲಿ ಸುಡುಮಣ್ಣಿನ ರಾಶಿ. ತರಗೆಲೆ, ಕಸಕಡ್ಡಿ ಒಟ್ಟಿ, ಮೇಲೆ ಮಣ್ಣು ಹೊದೆಸಿ, ಒಳಗೊಳಗೇ ಬೇಯಿಸಿ ಮಾಡುವ ಗೊಬ್ಬರ ಅದು. ನಮ್ಮ ಹಿರಿಯರ ಒಳ್ಳೆಯ ಪದ್ಧತಿ. ಅವರ ಕಾಲದಲ್ಲಿ ಗುಡಿಸಿದ ಕಸದಲ್ಲಿ ಸುಡಬಾರದ್ದು ಏನೂ ಇರಲಿಲ್ಲ. ಈಗ ಅದೇ ಕೈ, ಅದೇ ಹಿಡಿಸೂಡಿ, ಅದೇ ಬೆಂಕಿ. ಕಸ ಮಾತ್ರ ಬೇರೆ. ಹಾಲಿನ ತೊಟ್ಟೆ ಸುಟ್ಟರೆ ಮಸಿ, ವಿಷಗಾಳಿ. ವಯರಿನ ಸಿಪ್ಪೆ, ಪೈಪಿನ ತುಂಡು, ಫ್ಲೆಕ್ಸ್ ಇವು ಪಿವಿಸಿ. ಇವನ್ನು ಸಣ್ಣ ಬೆಂಕಿಯಲ್ಲಿ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಹೊಗೆಯಲ್ಲೂ ಇರುತ್ತದೆ, ಬೂದಿಯಲ್ಲೂ ಉಳಿಯುತ್ತದೆ. ಆ ಬೂದಿಯನ್ನು ಹರಿವೆಗೆ ಹಾಕಿ, ಹರಿವೆಯನ್ನು ಪಲ್ಯ ಮಾಡಿ, ಮಕ್ಕಳ ಬುತ್ತಿಗೆ ಹಾಕಿ ಕಳುಹಿಸುತ್ತೇವೆ.

2023ರ ಮಾರ್ಚ್ 2ರಂದು ಕೊಚ್ಚಿಯ ಬ್ರಹ್ಮಪುರಂನ ಕಸದ ರಾಶಿಗೆ ಬೆಂಕಿ ಬಿತ್ತು. ಹತ್ತು ದಿನಕ್ಕೂ ಮಿಕ್ಕಿ ನಗರಕ್ಕೆ ಹೊಗೆ ಕವಿಯಿತು, ಶಾಲೆಗಳಿಗೆ ರಜೆ ಕೊಟ್ಟರು, ಹೈಕೋರ್ಟ್ ಮಧ್ಯಪ್ರವೇಶಿಸಿತು. ಇಡೀ ರಾಜ್ಯ ಬೆಚ್ಚಿತು. ಕಸಮುಕ್ತ ಕೇರಳದ ಅಭಿಯಾನ ಬಿರುಸಾದದ್ದು ಆಮೇಲೆ. ಒಳ್ಳೆಯದೇ ಆಯಿತು. ಆದರೆ ನಮ್ಮ ಬಚ್ಚಲುಗಳಲ್ಲಿ ದಿನಾ ಬೆಳಗ್ಗೆ ಆರು ಗಂಟೆಗೆ ಒಂದೊಂದು ಪುಟ್ಟ ಬ್ರಹ್ಮಪುರಂ ಹೊತ್ತಿಕೊಳ್ಳುತ್ತದೆ. ಅದಕ್ಕೆ ರಜೆಯೂ ಇಲ್ಲ, ಸುದ್ದಿಯೂ ಇಲ್ಲ. ಅದರ ಎದುರು ಕೂತು ಊದುವವರು ಅಜ್ಜಿ, ಅಮ್ಮ, ಕೆಲವು ಮನೆಗಳಲ್ಲಿ ನಮ್ಮ ತರಗತಿಯ ಹುಡುಗಿಯರೇ. ಕಣ್ಣಿಗೆ ಕಾಣದ್ದು ಮೈಗೆ ಸೇರಿ ಏನು ಮಾಡುತ್ತದೆ ಎಂಬುದಕ್ಕೆ ಈ ಜಿಲ್ಲೆಯ ಮಕ್ಕಳಿಗೆ ದೂರದ ಉದಾಹರಣೆ ಬೇಡ. 2000ದವರೆಗೂ ಎಣ್ಮಕಜೆಯ ಗುಡ್ಡಗಳ ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರು ನಮ್ಮದು.

ಇಷ್ಟೆಲ್ಲ ಇದ್ದೂ ನಮಗೆ ಬರುವ ಕಸದ ಪಾಠದಲ್ಲಿ ಬಚ್ಚಲಿನ ಒಲೆ ಎಂಬ ಶಬ್ದವೇ ಇಲ್ಲ. 'ಬಯಲಲ್ಲಿ ಸುಡಬಾರದು' ಎಂದಿದೆ. "ನಾವು ಬಯಲಲ್ಲಿ ಸುಡುವುದಿಲ್ಲವಲ್ಲ, ಬಚ್ಚಲಲ್ಲಿ ಸುಡುವುದು" ಎಂದು ಒಬ್ಬರು ತಾಯಿ ನಿಷ್ಕಪಟವಾಗಿ ಹೇಳಿದರು. ಅವರ ಮಾತಿನಲ್ಲಿ ತಪ್ಪೇನಿದೆ?

ಇನ್ನು ಭಾಷೆಯ ವಿಷಯ. ಮಲಯಾಳದಲ್ಲಿ 'ಮಾಲಿನ್ಯ' ಎಂದರೆ ಕಸ. ಕನ್ನಡದಲ್ಲಿ ಮಾಲಿನ್ಯ ಎಂದರೆ ವಾಯುಮಾಲಿನ್ಯ, ಜಲಮಾಲಿನ್ಯ. ನಮ್ಮ ಮಕ್ಕಳು 'ಜೈವ ಮಾಲಿನ್ಯ, ಅಜೈವ ಮಾಲಿನ್ಯ' ಎಂಬುದನ್ನು ಕನ್ನಡದ ಕಣ್ಣಿನಿಂದ ಓದಿ ತಲೆ ಕೆರೆದುಕೊಳ್ಳುತ್ತಾರೆ. 'ಹರಿತ' ಎಂದರೆ ಅಲ್ಲಿ ಹಸಿರು, ಇಲ್ಲಿ ಚೂಪು. ಹರಿತ ಕರ್ಮಸೇನೆ ಎಂದರೇನು ಎಂಬ ಪ್ರಶ್ನೆಗೆ ಒಬ್ಬಳು 'ಕತ್ತಿ ಹಿಡಿದು ಬರುವ ಸೈನಿಕರು' ಎಂದು ಬರೆದಿದ್ದಳು. ಕರ್ಮ ಎಂದರೆ ಏನೆಂದು ಅಜ್ಜಿಯರನ್ನು ಕೇಳಿದರೆ ಬರುವ ಉತ್ತರ ಬೇರೆಯೇ! ನಕ್ಕು ಬಿಡಬಹುದಾಗಿತ್ತು. ಆದರೆ ಮನೆಗೆ ಬರುವ ನೋಟೀಸು, ಯಾವ ತಿಂಗಳು ಯಾವ ಕಸ ಒಯ್ಯುತ್ತಾರೆ ಎಂಬ ಕ್ಯಾಲೆಂಡರು, ದಂಡದ ಎಚ್ಚರಿಕೆ ಎಲ್ಲವೂ ನಮ್ಮ ವಾರ್ಡಿನಲ್ಲಿ ಮಲಯಾಳದಲ್ಲೇ ಬಂದಿವೆ. ಗೋಡೆಗೆ ಮೊಳೆ ಹೊಡೆದು ತೂಗಿಸಿದ್ದಾರೆ, ಓದುವವರಿಲ್ಲ. ಒಬ್ಬರು ತಾಯಿ ಚಪ್ಪಲಿ, ಬ್ಯಾಗು ಒಯ್ಯುವ ತಿಂಗಳು ಯಾವುದೆಂದು ತಿಳಿಯದೆ ಎರಡು ಸಲ ಹೊರಗಿಟ್ಟರು, ಎರಡು ಸಲವೂ ವಾಪಸು ಬಂತು. ಮೂರನೆಯ ಸಲ ಒಲೆಗೆ ಹಾಕಿದರು. ಅಂಥವರನ್ನು ಸಭೆಯಲ್ಲಿ 'ಸಹಕಾರ ಕೊಡದವರು' ಎಂದು ಹೆಸರು ಹಿಡಿದು ಕರೆದದ್ದನ್ನು ನಾವು ಕೇಳಿದ್ದೇವೆ. ಅವರು ತಲೆ ತಗ್ಗಿಸಿ ಕೂತಿದ್ದರು. ಅವರಿಗೆ ಬೈಗುಳ ಮಾತ್ರ ಅರ್ಥವಾಗಿತ್ತು, ಕ್ಯಾಲೆಂಡರು ಆಗಿರಲಿಲ್ಲ.

1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಂದಿಗೆ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಆ ಭಾಷೆಯಲ್ಲೇ ಬರಬೇಕು ಎನ್ನುತ್ತದೆ. ನಾವು ಈ ಕಾಯ್ದೆಯನ್ನು ಭಾಷಣಕ್ಕೆ ಬಳಸಿದಷ್ಟು ಅರ್ಜಿಗೆ ಬಳಸಲಿಲ್ಲ.

ಹಾಗಾದರೆ ಬೆಂಗಳೂರಿನ 'ಹಸಿ ಕಸ, ಒಣ ಕಸ' ತಂದರೆ ಮುಗಿಯಿತೇ ಎಂದು ಕೇಳಬಹುದು. ನಾವೂ ಹಾಗೇ ಅಂದುಕೊಂಡು ಹಲಗೆಯ ಮೇಲೆ ಬರೆದೆವು. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಒಣಗಿದ ಅಡಿಕೆ ಸೋಗೆ ಒಣ ಕಸವಾ ಟೀಚರ್? ಹಾಲಿನ ತೊಟ್ಟೆ ಒದ್ದೆ ಇರ್ತದಲ್ಲ, ಅದು ಹಸಿ ಕಸವಾ?" ಪೇಟೆಯ ಅಡುಗೆಮನೆಯಲ್ಲಿ ಹುಟ್ಟಿದ ಶಬ್ದ ತೋಟದ ಮನೆಗೆ ಬಂದಾಗ ಎಡವುತ್ತದೆ. ಕೊನೆಗೆ ಮಕ್ಕಳೇ ಕೂತು ಹೆಸರಿಟ್ಟರು: ಕೊಳೆಯುವುದು, ಕೊಳೆಯದ್ದು, ಮುಟ್ಟಬಾರದ್ದು. ಬ್ಲೇಡು, ಟ್ಯೂಬ್‌ಲೈಟು, ಬ್ಯಾಟರಿ ಸೆಲ್ಲು, ಅವಧಿ ಮುಗಿದ ಮದ್ದು, ತೋಟಕ್ಕೆ ಬಿಡುವ ಮದ್ದಿನ ಬಾಟಲಿ ಮೂರನೆಯದಕ್ಕೆ. 2016ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಘನತ್ಯಾಜ್ಯ ನಿಯಮಗಳೂ ಮನೆಯಲ್ಲಿ ಮೂರಾಗಿಯೇ ಬೇರ್ಪಡಿಸಲು ಹೇಳಿದ್ದವು. ಆ ನಿಯಮ ಓದದ ಮಕ್ಕಳು ತಮ್ಮ ಅಂಗಳ ನೋಡಿಯೇ ಅಲ್ಲಿಗೆ ತಲುಪಿದರು. ತುಳು, ಮರಾಠಿ, ಬ್ಯಾರಿ, ಹವ್ಯಕ ಮಾತಾಡುವ ಮನೆಗಳಿಂದ ಬರುವ ಮಕ್ಕಳು ಇವರು. ಆ ಮೂರು ಮಾತನ್ನು ಮನೆಮಾತಿಗೆ ತಿರುಗಿಸಿ ಅಜ್ಜಿಗೆ ಹೇಳುವುದು ಅವರಿಗೆ ಕಷ್ಟವಾಗಲಿಲ್ಲ.

ಒಂದು ಸ್ಪಷ್ಟೀಕರಣ. ಕರ್ಮಸೇನೆಯ ಹೆಂಗಸರ ಮೇಲೆ ನಮಗೆ ದೂರಿಲ್ಲ. ಕುಟುಂಬಶ್ರೀಯಿಂದ ಬಂದ ನಮ್ಮ ನೆರೆಯವರೇ ಅವರು. ತಿಂಗಳಿಗೆ ಐವತ್ತು ರೂಪಾಯಿ ಎಂದರೆ ಮುಖ ಸಿಂಡರಿಸುವ ಮನೆಗಳ ಗುಡ್ಡ ಹತ್ತಿ, ಗೋಣಿ ಹೊತ್ತು ಇಳಿಯುತ್ತಾರೆ. ಮೀನಿನ ನೀರು ತೊಟ್ಟಿಕ್ಕುವ ತೊಟ್ಟೆಯನ್ನು, ಒಡೆದ ಗಾಜನ್ನು ನಾವು ಒಂದೇ ಚೀಲದಲ್ಲಿ ಕಟ್ಟಿ ಕೊಟ್ಟರೆ ಕೈ ಕುಯ್ದುಕೊಳ್ಳುವುದು ಅವರದ್ದು. ತೊಳೆದು ಒಣಗಿಸಿ ಕೊಡಿ ಎಂದು ಅವರು ಕೇಳುವುದು ನ್ಯಾಯ. ಶಾಲೆಗೆ ಒಂದು ದಿನ ಅವರಲ್ಲಿ ಇಬ್ಬರನ್ನು ಕರೆದು ಮಾತಾಡಿಸಿದೆವು. ಭಾಷಣ ಮಾಡಲಿಲ್ಲ. ಗೋಣಿ ಸುರಿದು ಮಕ್ಕಳ ಎದುರೇ ವಿಂಗಡಿಸಿದರು. ಯಾವುದಕ್ಕೆ ಬೆಲೆ, ಯಾವುದಕ್ಕೆ ಇಲ್ಲ ಎಂದು ತೋರಿಸಿದರು. ಅರ್ಧ ಗಂಟೆ ಪಾಠ ತುಳುವಿನಲ್ಲೇ ನಡೆಯಿತು. ನಮ್ಮ ಇಷ್ಟು ವರ್ಷದ ಪೋಸ್ಟರುಗಳು ಅದರ ಮುಂದೆ ಏನೂ ಅಲ್ಲ.

ಆ ದಿನ ಮಕ್ಕಳಿಗಿಂತ ನಾವೇ ಹೆಚ್ಚು ಕಲಿತೆವು ಎನ್ನಬೇಕು. ಬಾಣದ ತ್ರಿಕೋನ ಇದ್ದರೆ ಅದು ಮರುಬಳಕೆ ಆಗುತ್ತದೆ ಎಂದು ನಾವು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆವು. ತ್ರಿಕೋನದ ಒಳಗಿನ ಅಂಕಿ ಹೇಳುವುದು ಅದು ಯಾವ ಜಾತಿಯ ಪ್ಲಾಸ್ಟಿಕ್ ಎಂದು ಮಾತ್ರ. 1 ಎಂದರೆ ನೀರಿನ ಬಾಟಲಿಯ ಪೆಟ್, 2 ಎಂದರೆ ಗಟ್ಟಿ ಕ್ಯಾನಿನ ಪ್ಲಾಸ್ಟಿಕ್, 3 ಎಂದರೆ ಪಿವಿಸಿ. ಬಾಟಲಿ, ಕ್ಯಾನು, ರಟ್ಟು, ತಗಡು ಇವನ್ನು ಗುಜರಿಯವನೂ ಒಯ್ಯುತ್ತಾನೆ. ಚಿಪ್ಸಿನ ಪ್ಯಾಕೆಟನ್ನು ಯಾರೂ ಕೊಳ್ಳುವುದಿಲ್ಲ. ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಪದರ ಅಂಟಿಸಿದ್ದನ್ನು ಬಿಡಿಸುವುದು ಸುಲಭವಲ್ಲ. ಅಂಥದ್ದು ಬಹುಪಾಲು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಹೋಗುತ್ತದೆ. ಅಲ್ಲಿಯ ಬೆಂಕಿ 1400 ಡಿಗ್ರಿಗೂ ಮೇಲೆ, ನಮ್ಮ ಒಲೆಯದ್ದು ಅದರ ಅರ್ಧವೂ ಇರಲಿಕ್ಕಿಲ್ಲ. ಹಾಗಾಗಿ ಅಲ್ಲಿ ಸುಡುವುದಕ್ಕೂ ಇಲ್ಲಿ ಸುಡುವುದಕ್ಕೂ ವ್ಯತ್ಯಾಸ ಇದೆ. ಆದರೆ ಅದನ್ನು ಮರುಬಳಕೆ ಎಂದು ಮಕ್ಕಳಿಗೆ ಹೇಳುವುದು ಸುಳ್ಳು. ಐದು ರೂಪಾಯಿಯ ಪ್ಯಾಕೆಟು ಮಾಡುವವನನ್ನು ಒಂದು ಮಾತೂ ಕೇಳದೆ, ತೊಳೆದು ಒಣಗಿಸಿಡುವ ಅಮ್ಮನನ್ನು ಮಾತ್ರ ಪ್ರಶ್ನಿಸುವ ಪಾಠವನ್ನು ನಾವು ಇನ್ನೆಷ್ಟು ಕಾಲ ಓದಿಸುವುದು?

ನಾವು ಬಾಯಿ ಬಿಡದ ಇನ್ನೊಂದು ಕಸವಿದೆ. ಹುಡುಗಿಯರ ನೋಟ್ ಪುಸ್ತಕದಲ್ಲಿ ಅದು ಇರಲೇ ಇಲ್ಲ, ಇರುವುದಿಲ್ಲ ಎಂದು ನಮಗೂ ಗೊತ್ತಿತ್ತು. ಸ್ಯಾನಿಟರಿ ಪ್ಯಾಡು ನಮ್ಮ ಕಡೆ ಕರ್ಮಸೇನೆಯವರು ಒಯ್ಯುವುದಿಲ್ಲ. ಹೆಚ್ಚಿನದರ ಒಳಗೆ ಪ್ಲಾಸ್ಟಿಕ್ ಇರುವುದರಿಂದ ಹೂತರೂ ಕೊಳೆಯುವುದಿಲ್ಲ. ಮತ್ತೆ ಅದೇ ಒಲೆ, ಎಲ್ಲರೂ ಮಲಗಿದ ಮೇಲೆ. ಎರ್ನಾಕುಳಂ ಜಿಲ್ಲೆಯ ಕುಂಬಳಂಗಿ 2022ರ ಜನವರಿಯಲ್ಲಿ ಪ್ಯಾಡುಮುಕ್ತ ಗ್ರಾಮ ಎಂದು ಘೋಷಣೆಯಾಯಿತು, ಹೆಂಗಸರಿಗೆ ಮುಟ್ಟಿನ ಕಪ್ಪು ಹಂಚಿ ತರಬೇತಿ ಕೊಟ್ಟರು. ಅದೇ ರಾಜ್ಯದ ಉತ್ತರದ ತುದಿಯ ನಾವು ಆ ಪುಟ ಬಂದಾಗ 'ಮನೆಯಲ್ಲಿ ಓದಿಕೊಳ್ಳಿ' ಎನ್ನುತ್ತೇವೆ. ಈ ವರ್ಷ ನಮ್ಮಲ್ಲಿಯ ಅಧ್ಯಾಪಿಕೆಯರು ಅಮ್ಮಂದಿರನ್ನು ಬೇರೆಯಾಗಿ ಕೂರಿಸಿ ಮಾತಾಡಿದರು. ಸಭೆ ಮುಗಿದರೂ ಯಾರೂ ಏಳಲಿಲ್ಲವಂತೆ.

ಕನ್ನಡದ ಹೆಸರಿನಲ್ಲಿ ನಾವು ಮಾಡುವುದನ್ನೂ ಹೇಳದಿದ್ದರೆ ಈ ಬರಹ ಏಕಪಕ್ಷೀಯವಾದೀತು. ನವೆಂಬರ್ ಬಂದರೆ ಫ್ಲೆಕ್ಸು, ಪ್ಲಾಸ್ಟಿಕ್ಕಿನ ಅರಿಶಿನ ಕುಂಕುಮ ಬಣ್ಣದ ಬಾವುಟ, ಅತಿಥಿಗಳಿಗೆ ಪುಟ್ಟ ನೀರಿನ ಬಾಟಲಿ. ತಾಯಿ ಭುವನೇಶ್ವರಿಯ ಫ್ಲೆಕ್ಸು ಡಿಸೆಂಬರಿನಲ್ಲಿ ಯಾರದೋ ಕಟ್ಟಿಗೆ ರಾಶಿಗೆ ಹೊದಿಕೆ. ಎರಡು ಮಳೆಗಾಲ ಕಳೆದು ಹರಿದ ಮೇಲೆ ಎಲ್ಲಿಗೆ ಎಂದು ಹೇಳಬೇಕಾಗಿಲ್ಲ. ಕನ್ನಡದ ಕಾರ್ಯಕ್ರಮಕ್ಕೆ ಬಟ್ಟೆಯ ಬ್ಯಾನರು ಬರೆಯುವ ಕೈ ನಮ್ಮ ಶಾಲೆಗಳಲ್ಲೇ ಇದೆ. ಖರ್ಚು ಸ್ವಲ್ಪ ಹೆಚ್ಚು, ನಿಜ. ಆದರೆ ಮರುವರ್ಷಕ್ಕೂ ಅದೇ ಆಗುತ್ತದೆ.

ಇಷ್ಟಾದ ಮೇಲೆ ಈ ಜುಲೈಯಲ್ಲಿ ಮಕ್ಕಳು ಕರ್ಮಸೇನೆಯ ಕ್ಯಾಲೆಂಡರನ್ನು ಕನ್ನಡಕ್ಕೆ ಇಳಿಸಿದರು. ಮಲಯಾಳ ಓದಬಲ್ಲ ಸಹೋದ್ಯೋಗಿಯೊಬ್ಬರು ಸಹಾಯ ಮಾಡಿದರು. ಪ್ರತಿಯೊಬ್ಬರೂ ಕೈಯಲ್ಲೇ ಬರೆದು ಒಂದೊಂದು ಪ್ರತಿ ಮನೆಗೆ ಒಯ್ದರು. ಅಂಟಿಸಬೇಕಾದ ಜಾಗ ಬಚ್ಚಲಿನ ಬಾಗಿಲು ಎಂದು ನಾವೇ ಹೇಳಿದೆವು. ಇಡೀ ವಾರ್ಡಿಗೆ ಕನ್ನಡದಲ್ಲಿ ಕ್ಯಾಲೆಂಡರು ಮತ್ತು ನೋಟೀಸು ಕೊಡಬೇಕು, 'ಬಚ್ಚಲಿನ ಒಲೆಯಲ್ಲೂ ಸುಡಬಾರದು' ಎಂದು ಅದರಲ್ಲಿ ಸ್ಪಷ್ಟವಾಗಿ ಸೇರಿಸಬೇಕು ಎಂದು ಪಿಟಿಎ ಹೆಸರಿನಲ್ಲಿ ಕನ್ನಡದಲ್ಲೇ ಅರ್ಜಿ ಬರೆದು ಕೊಟ್ಟಿದ್ದೇವೆ. ರಸೀದಿ ಸಿಕ್ಕಿದೆ, ಉತ್ತರ ಸಿಕ್ಕಿಲ್ಲ. ಬೇರೆ ಶಾಲೆಯವರೂ ಬರೆದರೆ ಒಳ್ಳೆಯದು. ಒಂದು ಅರ್ಜಿಯನ್ನು ಫೈಲಿನ ಅಡಿಗೆ ಇಡಬಹುದು, ಇಪ್ಪತ್ತನ್ನು ಇಡುವುದು ಕಷ್ಟ.

ಮನೆಗಳಿಗೂ ಹೋದೆವು. ತೊಟ್ಟೆಯನ್ನು ಬೆಂಕಿ ಹಿಡಿಸಲು ಜೋಪಾನ ಮಾಡುವ ಆ ಅಜ್ಜಿಯ ಮನೆಗೂ. ಹೊಗೆ, ಬೂದಿ, ವಿಷ ಎಲ್ಲ ಹೇಳಿದೆವು. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ಒಲೆಯ ಪಕ್ಕದ ಕಟ್ಟಿಗೆ ತೋರಿಸಿ, "ಮುಟ್ಟಿ ನೋಡಿ ಮಾಷ್ಟ್ರೇ, ಹಿಂಡಿದರೆ ನೀರು ಬರ್ತದೆ. ಈ ಮಳೆಗೆ ತೊಟ್ಟೆ ಇಲ್ಲದೆ ಬೆಂಕಿ ಹಿಡಿಸುವುದು ಹೇಗೆ? ಒಣ ಮಡಲು, ಗೆರಟೆ ಅಟ್ಟಕ್ಕೆ ಹಾಕಿ ಇಡಬೇಕಾದ್ದು ಬೇಸಗೆಯಲ್ಲಿ. ನೀವು ಇದನ್ನೆಲ್ಲ ಶಾಲೆಗೆ ರಜೆ ಕೊಡುವ ಮೊದಲು ಹೇಳಬೇಕಿತ್ತು" ಎಂದರು.

ಪರಿಸರ ದಿನ ಜೂನ್ 5ಕ್ಕೆ. ಸುತ್ತೋಲೆ ಬರುವುದೂ ಆಗಲೇ. ಅಷ್ಟೊತ್ತಿಗೆ ನಮ್ಮ ಕಡೆ ಮಳೆ ಹಿಡಿದಿರುತ್ತದೆ, ಹೊರಗಿನ ಮಡಲೆಲ್ಲ ನೆನೆದಿರುತ್ತದೆ. ಬರುವ ವರ್ಷ ಕಸದ ಪಾಠವನ್ನು ಫೆಬ್ರವರಿಗೆ ತರುತ್ತಿದ್ದೇವೆ. ಅಟ್ಟಕ್ಕೆ ಮಡಲು ಏರಿಸಿದ ಮನೆಗಳ ಪಟ್ಟಿಯನ್ನು ಮಾರ್ಚ್ ಪರೀಕ್ಷೆಯ ಮೊದಲು ಮಕ್ಕಳು ತರಬೇಕು.